ಉಪಾಧ್ಯಾಯರೂ ಮತಾಚಾರವೂ

ಸರ್ಕಾರಿ ಶಾಲೆಯ ಉಪಾಧ್ಯಾಯರು ತಮ್ಮ ಮತದ ಚಿಹ್ನೆಗಳನ್ನು ಧರಿಸಿ ಪಾಠ ಹೇಳಬಹುದೇ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ನೇರವಾದ ಉತ್ತರ ದೊರೆತಿಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

2022ರ ಫೆಬ್ರವರಿ 5ರ ಸರ್ಕಾರಿ ಆಜ್ಞೆಯು ವಿದ್ಯಾರ್ಥಿಗಳ ಸಮವಸ್ತ್ರಕ್ಕೆ ಸಂಬಂಧಿಸಿದುದು. ತನ್ನ ಮಧ್ಯಂತರ ಆಜ್ಞೆಯೂ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸತಕ್ಕದ್ದೆಂದು ಉಚ್ಚ ನ್ಯಾಯಾಲಯವು ಅದೇ ತಿಂಗಳು ಸ್ಪಷ್ಟಪಡಿಸಿತು. ಹೀಗಿದ್ದೂ, ಆ ವರ್ಷದ ಪರೀಕ್ಷೆಗಳಲ್ಲಿ ಶಿರವಸ್ತ್ರವನ್ನು ಬಿಡಲೊಲ್ಲದ ಉಪಾಧ್ಯಾಯಿನಿಯರನ್ನು ಮೇಲ್ವಿಚಾರಣೆಯಿಂದ ದೂರವಿಡಲಾಯಿತು.

ನಿಯಮವು ಅಸ್ಪಷ್ಟವಾಗಿದ್ದಲ್ಲಿ ಅಧಿಕಾರದಲ್ಲಿರುವವನ ಇಚ್ಛೆಯೇ ನಿಯಮವಾಗುತ್ತದೆ. 2025ರ ಏಪ್ರಿಲ್ 17ರಂದು ನಮ್ಮ ಬೀದರ ನಗರದ ಸಿ.ಇ.ಟಿ. ಕೇಂದ್ರವೊಂದರಲ್ಲಿ, ಜನಿವಾರವನ್ನು ತೆಗೆಯಲೊಪ್ಪದ ವಿದ್ಯಾರ್ಥಿಯು ಗಣಿತದ ಪರೀಕ್ಷೆಯನ್ನು ಬರೆಯದೆ ಹಿಂದಿರುಗಿದನು. ಜನಿವಾರ ತೆಗೆಸುವ ಸೂಚನೆಯನ್ನೇ ಕೊಟ್ಟಿರಲಿಲ್ಲವೆಂದು ಆಮೇಲೆ ಸರ್ಕಾರದವರು ಹೇಳಿದರು. ಇಂದು ಒಬ್ಬರ ಶಿರವಸ್ತ್ರ, ನಾಳೆ ಇನ್ನೊಬ್ಬರ ಜನಿವಾರ. ಅನ್ಯಾಯದ ದಾರಿ ಮಾತ್ರ ಒಂದೇ.

ಫ್ರಾನ್ಸಿನಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರು ಮತಚಿಹ್ನೆಯನ್ನು ಧರಿಸುವಂತೆಯೇ ಇಲ್ಲ. ಆ ಪದ್ಧತಿ ನಮಗೆ ಒಗ್ಗದು. ವಿಭೂತಿ, ಇಷ್ಟಲಿಂಗ, ಕುಂಕುಮ, ಶಿರವಸ್ತ್ರ, ಸಿಖ್ಖರ ಪಗಡಿ ಇವೆಲ್ಲವನ್ನೂ ಬೀದರದ ಮಗು ಶಾಲೆಗೆ ಬರುವ ಹಾದಿಯಲ್ಲೇ ಕಂಡಿರುತ್ತದೆ. ಅವುಗಳಿಂದ ಅದರ ಬುದ್ಧಿ ಕೆಡುವುದಿಲ್ಲ. ಆದರೆ ಧರಿಸುವುದು ಬೇರೆ, ಹೇರುವುದು ಬೇರೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದವು ವಿಧಿಸಿದೆ. ಉಪಾಧ್ಯಾಯರಿಗೂ ಇಂಥದೇ ರಕ್ಷಣೆಯುಂಟು: ಪ್ರಾರ್ಥನೆಯಲ್ಲಿ ಕೈಮುಗಿಯಲೊಲ್ಲದ ನಾಸಿಕದ ಉಪಾಧ್ಯಾಯರೊಬ್ಬರನ್ನು ಬಲಾತ್ಕರಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು.

ಹೇರಿಕೆಯೆಂದರೇನೆಂಬುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾದುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಬೇಕಾಯಿತು. ಅಂದು ಭಾಷೆಯ ವಿಷಯದಲ್ಲಿ ನಾವು ಒಪ್ಪದ ಬಲಾತ್ಕಾರವನ್ನು ಇಂದು ಮತದ ವಿಷಯದಲ್ಲಿ ಒಪ್ಪಬಹುದೆ? ಔರಾದ ತಾಲ್ಲೂಕಿನ ಹಳ್ಳಿಯ ಬಡವನ ಮಗುವಿಗೆ ಸರ್ಕಾರಿ ಶಾಲೆಯ ಹೊರತು ಬೇರೆ ಗತಿಯಿಲ್ಲ. ಅಲ್ಲಿಯ ಉಪಾಧ್ಯಾಯರು ಒಂದು ಮತವನ್ನು ಹೊಗಳಿ ಇನ್ನೊಂದನ್ನು ಹಳಿದರೆ, ಆ ಮಗುವು ಯಾರಲ್ಲಿ ದೂರಬೇಕು?

ಆದುದರಿಂದ ವಿದ್ಯಾ ಇಲಾಖೆಯವರು ಸರ್ವರಿಗೂ ಸಮನಾದ ಲಿಖಿತ ನಿಯಮವೊಂದನ್ನು ಕೂಡಲೆ ಹೊರಡಿಸಬೇಕು. ಉಪಾಧ್ಯಾಯರು ತಮ್ಮ ಮೈಮೇಲಿನ ಚಿಹ್ನೆಯನ್ನು ಇಟ್ಟುಕೊಳ್ಳಲಿ. ಪಾಠದಲ್ಲಿ, ಹಾಜರಿಯಲ್ಲಿ, ಅಂಕದಲ್ಲಿ, ಪಂಕ್ತಿಯಲ್ಲಿ ಮತವನ್ನು ತರದಿರಲಿ. ತಂದವರು ಯಾವ ಮತದವರಾದರೂ ಶಿಕ್ಷೆ ಒಂದೇ ಆಗಲಿ. ಉಪಾಧ್ಯಾಯರ ಭಕ್ತಿಗೆ ನಮ್ಮ ಗೌರವವಿದೆ. ಆದರೆ ಶಾಲೆಯ ಹೊಸ್ತಿಲೊಳಗೆ ಮಗುವಿನ ನಿರ್ಭಯವೇ ಮೊದಲು.