ತಲೆಯ ಮೇಲಿನ ಕಾದಂಬರಿ

ಕಥೆ-ಕಾದಂಬರಿ ಬರೆಯುವ ತರುಣರು ಆಗಾಗ ಬಂದು ಅಳಲು ತೋಡಿಕೊಳ್ಳುವುದುಂಟು. ಕಳಿಸಿದ ಹಸ್ತಪ್ರತಿಗೆ ಉತ್ತರವಿಲ್ಲ, ಅಚ್ಚಾದರೆ ಸಂಭಾವನೆಯಿಲ್ಲ, ಗೌರವಪ್ರತಿ ಬೇಡುವ ನೆಂಟರೇ ಬಹಳ, ಕೊಂಡು ಓದುವವರು ವಿರಳ. ಇವಾವುವೂ ಸುಳ್ಳಲ್ಲ, ವಾಚಕರೇ, ಹೊಸವೂ ಅಲ್ಲ.

ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಳಕರ್ಣಿ ಗಳಗನಾಥರು (1869-1942) ಶಿಕ್ಷಕರಾಗಿದ್ದವರು. ಮುಂಬಯಿ ಆಧಿಪತ್ಯದ ಆ ಕಾಲದಲ್ಲಿ ಓದುಬಲ್ಲ ಕನ್ನಡಿಗರ ಕೈಯಲ್ಲಿ ಮರಾಠಿ ಪುಸ್ತಕಗಳೇ ಇರುತ್ತಿದ್ದವು. ಅಂಥವರಿಗಾಗಿ ಅವರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಗಾಗಿ ದುಡಿದರು. ಬರೆದು ಮುಗಿಸಿದರೆ ಕೆಲಸ ಮುಗಿಯುತ್ತಿರಲಿಲ್ಲ. ಅಚ್ಚಾದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ತಾವೇ ಮಾರಿದರು. ಬರೆದ ಕೈಯೇ ಬೆಲೆ ಹೇಳಿ ಕಾಸು ಎಣಿಸಬೇಕು. ಕೊಳ್ಳದವನ ಬಾಗಿಲಿನಿಂದ ಮತ್ತೆ ಗಂಟು ಎತ್ತಬೇಕು. ಅಂಚೆಯಲ್ಲಿ ಮರಳಿ ಬರುವ ಹಸ್ತಪ್ರತಿಯ ಭಾರ ಇದರ ಮುಂದೆ ಎಷ್ಟರದು?

ಅನುವಾದಗಳೆಂದು ಅವರ ಕೃತಿಗಳನ್ನು ಕಡೆಗಣಿಸುವ ಪಂಡಿತರಿದ್ದಾರೆ. ನನಗದು ಸರಿಕಾಣದು. ಓದುಗರನ್ನೇ ಹುಟ್ಟಿಸುವುದು ಕಿರಿಯ ಸೃಷ್ಟಿಯೇನು? ಅವರ ವಾಕ್ಯಗಳು ಇಂದಿನ ಹುಡುಗರಿಗೆ ತುಸು ಉದ್ದವೆನಿಸಬಹುದು, ಇರಲಿ.

ಅವರಿಗೆ ದೊರೆತ ಫಲವಾದರೂ ಏನು? ಸಿರಿಯಲ್ಲ. ಅವರ ಕಾದಂಬರಿಗಳನ್ನು ಓದಲೆಂದೇ ಕನ್ನಡ ಅಕ್ಷರ ಕಲಿತವರಿದ್ದರೆಂಬ ಮಾತು ನಮ್ಮ ಕಡೆ ಪ್ರಚಲಿತವಿದೆ. ಅನುವಾದಗಳಲ್ಲೇ ನಿಲ್ಲದೆ, ವಿಜಯನಗರ ಸ್ಥಾಪನೆಯ ಕಥೆಯನ್ನು ಹೆಣೆದು 'ಮಾಧವ ಕರುಣಾವಿಲಾಸ'ವನ್ನು ಅವರು ಹೊರತಂದದ್ದು 1923ರಲ್ಲಿ. ಆಗ ಅವರ ವಯಸ್ಸು ಐವತ್ತು ದಾಟಿತ್ತು.