ವಸಂತ ರಜೆಯ ವಿದೇಶ ಪ್ರವಾಸ: ಬೇಡವೆನ್ನುವ ಮೊದಲು

ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿರುವ ಮಕ್ಕಳಿಂದ ವರ್ಷಾರಂಭದ ತಿಂಗಳುಗಳಲ್ಲಿ ಮನೆಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಸಾಮಾನ್ಯವಾಗಿರುತ್ತದೆ. “ಪಪ್ಪಾ, ಮಾರ್ಚ್‌ನಲ್ಲಿ ಒಂದು ವಾರ ರಜೆಯಿದೆ. ಗೆಳೆಯರೆಲ್ಲ ಮೆಕ್ಸಿಕೋಗೆ ಹೋಗುತ್ತಿದ್ದಾರೆ. ನಾನೂ ಹೋಗಿಬರಲೇ?” ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ದೊರೆಯುವ ಉತ್ತರಗಳು ಎರಡೇ ಬಗೆಯವು. ಒಂದೋ ಖಡಾಖಂಡಿತವಾಗಿ ಬೇಡವೆನ್ನುವುದು, ಇಲ್ಲವೇ ಏನನ್ನೂ ವಿಚಾರಿಸದೆ ಹಣ ಕಳುಹಿಸುವುದು. ಇವೆರಡೂ ಸಾಲವು ಎಂಬುದು ನಮ್ಮ ಅಭಿಮತ. ಇಪ್ಪತ್ತು ದಾಟಿದ ಮಗ ಅಥವಾ ಮಗಳು ಹನ್ನೆರಡು ಸಾವಿರ ಕಿಲೋಮೀಟರುಗಳಾಚೆ ಇರುವಾಗ ಹೆತ್ತವರ ‘ಬೇಡ’ ಎಂಬ ಮಾತು ಪ್ರವಾಸವನ್ನು ತಡೆಯುವುದಕ್ಕಿಂತ ಪ್ರವಾಸದ ಸುದ್ದಿಯನ್ನು ಮಾತ್ರ ತಡೆಯುವ ಸಂಭವವೇ ಹೆಚ್ಚು. ಮನೆಯವರಿಗೆ ತಿಳಿಯದ ಪ್ರವಾಸದಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ.

ಸ್ಪ್ರಿಂಗ್ ಬ್ರೇಕ್ ಎಂದು ಕರೆಯಲ್ಪಡುವ ಈ ರಜೆಯ ಸಡಗರ ಈಜಿನಿಂದ ಆರಂಭವಾಯಿತೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನ್ಯೂಯಾರ್ಕ್ ರಾಜ್ಯದ ಕೊಲ್ಗೇಟ್ ವಿಶ್ವವಿದ್ಯಾಲಯದ ಈಜು ತರಬೇತುದಾರರು 1930ರ ದಶಕದಲ್ಲಿ ತಮ್ಮ ತಂಡವನ್ನು ಚಳಿಯಿಂದ ಪಾರುಮಾಡಿ ಅಭ್ಯಾಸಕ್ಕೆಂದು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಕರೆದೊಯ್ದರು. ಇತರ ಕಾಲೇಜುಗಳ ತಂಡಗಳು ಹಿಂಬಾಲಿಸಿದವು. 1960ರಲ್ಲಿ ತೆರೆಕಂಡ ಚಲನಚಿತ್ರವೊಂದು ಆ ಊರನ್ನು ದೇಶಕ್ಕೆಲ್ಲ ಪರಿಚಯಿಸಿತು. 1985ರ ವೇಳೆಗೆ ಅಲ್ಲಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಮೂರೂವರೆ ಲಕ್ಷಕ್ಕೆ ಏರಿತ್ತು. ಕುಡಿತ, ಗಲಭೆ, ಹೋಟೆಲಿನ ಬಾಲ್ಕನಿಗಳಿಂದ ಬಿದ್ದು ಸಂಭವಿಸಿದ ಸಾವುಗಳು, ಇವುಗಳಿಂದ ಬೇಸತ್ತ ನಗರಾಡಳಿತ ಕಠಿಣ ನಿಯಮಗಳನ್ನು ತಂದು, ನೀವು ಬರುವುದೇ ಬೇಡವೆಂದು ಬಹಿರಂಗವಾಗಿ ಸಾರಿತು. ಜನಸಾಗರ ಬೇರೆ ದಡಗಳನ್ನು ಹುಡುಕಿತು. ಮದ್ಯ ಖರೀದಿಗೆ 21 ವರ್ಷ ತುಂಬಿರಬೇಕೆಂಬ ನಿಯಮವನ್ನು ಅಮೆರಿಕ 1984ರ ಕಾನೂನಿನ ಮೂಲಕ ರಾಜ್ಯಗಳ ಮೇಲೆ ಹೇರಿತ್ತು. ಗಡಿಯಾಚೆಯ ಮೆಕ್ಸಿಕೋದಲ್ಲಿ 18 ಸಾಕು. ಮೆಕ್ಸಿಕೋ ಸರಕಾರ 1970ರ ದಶಕದಲ್ಲಿ ಯೋಜಿಸಿ ಕಟ್ಟಿದ ಕಾನ್ಕುನ್ ಪಟ್ಟಣ ವಿದ್ಯಾರ್ಥಿಗಳಿಂದ ತುಂಬಿಹೋದುದರಲ್ಲಿ ಈ ಮೂರು ವರ್ಷಗಳ ಅಂತರಕ್ಕೂ ಪಾಲಿದೆ.

ಈ ರಜೆ ಬಹುಮಟ್ಟಿಗೆ ನಮ್ಮ ತಪಸ್ಸುಕಾಲದಲ್ಲಿಯೇ ಬರುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮನೆಯಲ್ಲಿ ಮಾಂಸ ವರ್ಜಿಸಿ ಶಿಲುಬೆಯ ಹಾದಿಗೆ ಹೋಗುವ ಶುಕ್ರವಾರದಂದು ಮಗ ಕಡಲತೀರದ ಔತಣದಲ್ಲಿದ್ದಾನೆಂಬುದು ತಾಯಿಯೊಬ್ಬಳಿಗೆ ನೋವಿನ ಸಂಗತಿಯೇ. ಆ ನೋವನ್ನು ಮಗನಿಗೆ ತಿಳಿಸುವ ಹಕ್ಕು ಅವಳಿಗಿದೆ. ಆದರೆ ಅದನ್ನು ತಿಳಿಸಿದ ಮೇಲೆ ಮಾತು ಅಲ್ಲಿಗೇ ನಿಲ್ಲಬಾರದು.

ಏಕೆಂದರೆ ಇಲ್ಲಿರುವುದು ಪ್ರಾಣದ ಪ್ರಶ್ನೆ. 2025ರ ಮಾರ್ಚ್‌ನಲ್ಲಿ ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾಕ್ಕೆ ಇಂತಹ ರಜೆಯಲ್ಲಿ ಗೆಳತಿಯರೊಂದಿಗೆ ತೆರಳಿದ್ದ ಭಾರತೀಯ ಮೂಲದ ವಿದ್ಯಾರ್ಥಿನಿಯೊಬ್ಬಳು ಬೆಳಗಿನ ಜಾವ ಕಡಲತೀರದಿಂದ ಕಣ್ಮರೆಯಾದಳು. ಜೊತೆಗಿದ್ದವರು ಅಷ್ಟರಲ್ಲಿ ಕೋಣೆಗೆ ಮರಳಿದ್ದರು. ದಿನಗಟ್ಟಲೆ ಶೋಧ ನಡೆದ ಮೇಲೆ, ಅವಳು ಮೃತಳೆಂದು ಘೋಷಿಸುವಂತೆ ಹೆತ್ತವರೇ ಕೋರಬೇಕಾಗಿ ಬಂದಿತು. ಆ ಕುಟುಂಬದ ದುಃಖದ ಮೇಲೆ ನೀತಿಬೋಧೆ ಮಾಡುವುದು ಕ್ರೌರ್ಯವಾದೀತು. ಹೊರಟವರೆಲ್ಲ ಒಟ್ಟಿಗೆ ಮರಳಬೇಕು, ಒಬ್ಬರನ್ನು ಬಿಟ್ಟು ಉಳಿದವರು ಮಲಗುವಂತಿಲ್ಲ ಎಂಬ ಒಪ್ಪಂದವನ್ನು ಮಕ್ಕಳು ಹೊರಡುವ ಮುನ್ನವೇ ತಮ್ಮೊಳಗೆ ಮಾಡಿಕೊಳ್ಳಲಿ ಎಂದಷ್ಟೇ ಹೇಳಬಯಸುತ್ತೇವೆ.

ಕರಾವಳಿಯ ನಮ್ಮ ಮಕ್ಕಳಿಗೆ ಕಡಲಿನ ಸಲಿಗೆ ಹೆಚ್ಚು. ಈ ಸಲಿಗೆಯೇ ನಮ್ಮನ್ನು ಹೆದರಿಸುತ್ತದೆ. ದಡದಿಂದ ಒಳಕ್ಕೆ ಸೆಳೆಯುವ ನೀರಿಗೆ ಮಲ್ಪೆಯವನೆಂಬ ದಾಕ್ಷಿಣ್ಯವಿಲ್ಲ. ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಬಳಿಕ ತೀರಕ್ಕೆ ಮರಳಬೇಕು. ಮೆಕ್ಸಿಕೋದ ತೀರಗಳಲ್ಲಿ ಹಸಿರು, ಹಳದಿ, ಕೆಂಪು ಬಾವುಟಗಳಲ್ಲದೆ ಕಪ್ಪು ಬಾವುಟವೂ ಇದೆ. ಕೆಂಪೆಂದರೆ ಅಪಾಯ, ಕಪ್ಪೆಂದರೆ ನೀರಿಗಿಳಿಯುವುದೇ ನಿಷಿದ್ಧ. ಕುಡಿದು ನೀರಿಗಿಳಿಯುವವನಿಗೆ ಯಾವ ಬಾವುಟವೂ ಕಾಣಿಸದು.

ಮದ್ಯದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಮಾತನಾಡಬೇಕು. 2024ರ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯಕ್ಕೆ ಆರು ವಿದೇಶೀ ಪ್ರವಾಸಿಗರು ಬಲಿಯಾದರು. ನಮ್ಮ ನಾಡಿನ ಕಳ್ಳಭಟ್ಟಿ ದುರಂತಗಳಲ್ಲಿ ಬಡವರನ್ನು ಕೊಲ್ಲುವ ವಿಷವೇ ಅದು. ಉಚಿತವಾಗಿ ಹಂಚುವ ಪಾನೀಯ, ಕಣ್ಣೆದುರು ತೆರೆಯದ ಬಾಟಲಿ, ಒಮ್ಮೆ ಕೆಳಗಿಟ್ಟು ಮರಳಿ ಎತ್ತಿಕೊಂಡ ಲೋಟ, ಇವು ಮೂರೂ ವರ್ಜ್ಯ. ಬೀದಿಯಲ್ಲಿ ಮಾರುವ ಮಾತ್ರೆಗಳಂತೂ ಮಾರಕ. ಮೆಕ್ಸಿಕೋದ ಕೆಲವು ಔಷಧ ಅಂಗಡಿಗಳಲ್ಲಿಯೂ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳು ಸಿಕ್ಕಿವೆಯೆಂದು ಅಮೆರಿಕ ಸರಕಾರವೇ ಎಚ್ಚರಿಸಿದೆ. ನಮ್ಮಲ್ಲಿ 2019ರಲ್ಲಿ ನಿಷೇಧಕ್ಕೊಳಗಾದ ಎಲೆಕ್ಟ್ರಾನಿಕ್ ಸಿಗರೇಟನ್ನು ಮೆಕ್ಸಿಕೋಗೆ ಒಯ್ಯುವುದೂ ಕಾನೂನುಬಾಹಿರ.

ಅಮೆರಿಕನ್ ಸಹಪಾಠಿಗಿಲ್ಲದ ಕೆಲವು ತೊಡಕುಗಳು ಭಾರತೀಯ ಪಾಸ್‌ಪೋರ್ಟ್ ಹೊಂದಿದ ವಿದ್ಯಾರ್ಥಿಗಿವೆ. ಗಡಿ ದಾಟಿ ಮರಳಬೇಕಾದರೆ ವಿದ್ಯಾರ್ಥಿ ವೀಸಾ ಮಾತ್ರವಲ್ಲ, ಐ-20 ಪತ್ರದ ಎರಡನೆಯ ಪುಟದಲ್ಲಿ ವಿಶ್ವವಿದ್ಯಾಲಯದ ಅಧಿಕಾರಿಯ ಪ್ರಯಾಣ ಸಹಿಯೂ ಇರಬೇಕು. ಅದು ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋದ ವೀಸಾ ಬೇಕಿಲ್ಲ. ಅವಧಿ ಮುಗಿದಿದ್ದರೆ ಲೆಕ್ಕಾಚಾರವೇ ಬೇರೆ, ಅಂತಹವರು ಟಿಕೆಟ್ ಕೊಳ್ಳುವ ಮೊದಲು ವಿದೇಶೀ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಸಂಕಟ ಬಂದಲ್ಲಿ ಮೊರೆಹೋಗಬೇಕಾದುದು ಭಾರತದ ರಾಯಭಾರ ಕಚೇರಿಗೆ, ಅಮೆರಿಕದ್ದಕ್ಕಲ್ಲ. ಅದಿರುವುದು ಮೆಕ್ಸಿಕೋ ನಗರದಲ್ಲಿ, ಕಾನ್ಕುನ್‌ನಿಂದ ಸಾವಿರ ಕಿಲೋಮೀಟರಿಗೂ ದೂರ.

ಇನ್ನು ಹಣದ ಮಾತು. ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ವಿಮಾನ ನಿಲ್ದಾಣದಲ್ಲಿ ಮುತ್ತಿಕೊಳ್ಳುವ ಬಾಡಿಗೆ ಕಾರಿನವರನ್ನೂ, ಉಚಿತ ಉಪಾಹಾರದ ಆಸೆ ತೋರಿಸಿ ರೆಸಾರ್ಟಿನ ಪಾಲು ಮಾರಲು ಬರುವವರನ್ನೂ ದಾಟಿ ಹೋದರೆ, ಕಾನ್ಕುನ್ ಪಟ್ಟಣಕ್ಕೆ ಎಡಿಒ ಸಂಸ್ಥೆಯ ಬಸ್ಸು ಅಗ್ಗದಲ್ಲಿ ಒಯ್ಯುತ್ತದೆ. ಹೋಟೆಲುಗಳ ಸಾಲಿನುದ್ದಕ್ಕೂ ನಗರ ಬಸ್ಸುಗಳಿವೆ. ರಾತ್ರಿ ಹೊತ್ತು ಮಾತ್ರ ಬಸ್ಸಿನ ಉಳಿತಾಯ ಬೇಡ, ಹೋಟೆಲಿನವರೇ ಕರೆಸಿದ ಟ್ಯಾಕ್ಸಿ ಲೇಸು. ಕಾರ್ಡು ಉಜ್ಜುವಾಗ ಡಾಲರಿನಲ್ಲೋ ಪೆಸೊದಲ್ಲೋ ಎಂದು ಯಂತ್ರ ಕೇಳಿದರೆ ಪೆಸೊ ಎನ್ನಬೇಕು. ಡಾಲರ್ ಎಂದವರಿಗೆ ಅಂಗಡಿಯವನ ಪರವಾಗಿ ನಿಗದಿಯಾದ ದುಬಾರಿ ವಿನಿಮಯ ದರ ಬೀಳುತ್ತದೆ. ಹೊರಡುವ ದಿನಕ್ಕೆ ಏಳು ದಿನಗಳಾದರೂ ಇರುವಾಗ ಅಮೆರಿಕದಲ್ಲಿ ವಿಮಾನ ಸಂಸ್ಥೆಯಿಂದಲೇ ಕೊಂಡ ಟಿಕೆಟನ್ನು 24 ಗಂಟೆಗಳೊಳಗೆ ದಂಡವಿಲ್ಲದೆ ರದ್ದುಪಡಿಸಬಹುದು ಅಥವಾ ಅಷ್ಟು ಹೊತ್ತು ಕಾದಿರಿಸಿಕೊಳ್ಳಬಹುದು ಎಂಬ ನಿಯಮವಿದೆ. ಒಂದು ಕೋಣೆಯಲ್ಲಿ ನಾಲ್ವರು ತಂಗಿದರೆ ಖರ್ಚು ಇಳಿಯುತ್ತದೆ ನಿಜ. ಆದರೆ ಕೋಣೆ ಯಾರ ಹೆಸರಿನಲ್ಲಿದೆಯೋ ಅವರ ಕಾರ್ಡಿನಿಂದಲೇ ಉಳಿದವರು ಒಡೆದ ವಸ್ತುಗಳ ಬೆಲೆಯೂ ಕಡಿತವಾಗುತ್ತದೆ.

ಉಳಿತಾಯ ಸಲ್ಲದ ಒಂದು ಬಾಬ್ತು ಇದೆ, ಅದು ವಿಮೆ. ವಿಶ್ವವಿದ್ಯಾಲಯದ ಆರೋಗ್ಯ ವಿಮೆ ಗಡಿಯಾಚೆ ನಡೆಯುತ್ತದೆಂದು ಊಹಿಸಿಕೊಳ್ಳುವಂತಿಲ್ಲ, ಪತ್ರ ತೆಗೆದು ಓದಬೇಕು. ಮೆಕ್ಸಿಕೋದ ಖಾಸಗಿ ಆಸ್ಪತ್ರೆಗಳು ಚಿಕಿತ್ಸೆಗೆ ಮುನ್ನವೇ ಹಣ ಕೇಳುವುದುಂಟು. ಗಾಯಾಳುವನ್ನು ವಿಮಾನದಲ್ಲಿ ಅಮೆರಿಕಕ್ಕೆ ಮರಳಿ ಸಾಗಿಸುವ ವೆಚ್ಚವನ್ನು ನಮ್ಮಂತಹ ಕುಟುಂಬಗಳು ಭರಿಸಲಾರವು.

ರಜೆಯನ್ನು ಬೇರೆ ರೀತಿಯಲ್ಲಿ ಕಳೆಯುವ ದಾರಿಯೂ ಅಲ್ಲಿಯೇ ಇದೆ. ವಿದ್ಯಾರ್ಥಿಗಳು ಆ ವಾರ ಬಡ ಊರುಗಳಿಗೆ ತೆರಳಿ ಮನೆ ಕಟ್ಟುವ, ಮಕ್ಕಳಿಗೆ ಕಲಿಸುವ ಪ್ರವಾಸಗಳನ್ನು ಅನೇಕ ವಿಶ್ವವಿದ್ಯಾಲಯಗಳು ಏರ್ಪಡಿಸುತ್ತವೆ. ಇದನ್ನು ಹಬ್ಬಿಸಲೆಂದೇ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಬ್ರೇಕ್ ಅವೇ ಎಂಬ ಸಂಸ್ಥೆ ಹುಟ್ಟಿತು. ಕಥೋಲಿಕ ವಿಶ್ವವಿದ್ಯಾಲಯಗಳು ಈ ಸೇವೆಯಲ್ಲಿ ಹಿಂದೆ ಬಿದ್ದಿಲ್ಲ. ಖರ್ಚೂ ಬಹಳ ಕಡಿಮೆ. ಮಗಳಿಗೆ ಇದನ್ನು ಸೂಚಿಸಿ ನೋಡಬಹುದು. ಒಪ್ಪದಿದ್ದರೆ ಜಗಳ ಬೇಡ, ಅವಳಿಗೂ ಒಂದು ವಾರದ ಬಿಸಿಲು ಬೇಕಾಗಿರಬಹುದು.

ಹೋಗುವುದೇ ಖಚಿತವಾದರೆ ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಗಳು, ಹೋಟೆಲಿನ ವಿಳಾಸ, ಜೊತೆಗಾರರಿಬ್ಬರ ದೂರವಾಣಿ ಸಂಖ್ಯೆ ಮನೆಯಲ್ಲಿರಲಿ. ದಿನಕ್ಕೊಂದು ಕರೆಯ ಹೊತ್ತನ್ನೂ ಗೊತ್ತುಮಾಡಿಕೊಳ್ಳಿ. ಕಾನ್ಕುನ್‌ನಲ್ಲಿ ರಾತ್ರಿ ಎಂಟೂವರೆಯೆಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಏಳು ಗಂಟೆ. ಅವರು ಸಂಜೆಯ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ನೀವು ಬೆಳಗಿನ ಪೂಜೆ ಮುಗಿಸಿ ಮನೆಗೆ ಮರಳಿರುತ್ತೀರಿ.