ಎಂಬತ್ತು ದಾಟಿದವರ ರಕ್ತದೊತ್ತಡ: ಇಳಿಸುವುದೆಷ್ಟು, ಕಾಯುವುದೇನನ್ನು?

ಎಂಬತ್ತು ದಾಟಿದ ಹಿರಿಯರಲ್ಲಿ ರಕ್ತದೊತ್ತಡ ಏರಿದಾಗ ಮನೆಯವರಲ್ಲಿ ಎರಡು ನಿಲುವುಗಳು ಕಂಡುಬರುತ್ತವೆ. ‘ಈ ವಯಸ್ಸಿಗೆ ಅದು ಸಹಜ, ಮಾತ್ರೆಯೇಕೆ?’ ಎಂಬುದು ಒಂದು. ‘ತರುಣರಂತೆ 120/80ಕ್ಕೆ ಇಳಿಯಲೇಬೇಕು’ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡೂ ಅಪಾಯಕರ.

ಮೊದಲನೆಯ ನಿಲುವನ್ನು 2008ರಲ್ಲಿ ಪ್ರಕಟವಾದ ‘ಹೈವೆಟ್’ ಅಧ್ಯಯನವು ಅಲ್ಲಗಳೆಯಿತು. ಎಂಬತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 3,845 ಮಂದಿಯನ್ನು ಅದು ಪರಿಶೀಲಿಸಿತು. 150/80ರ ಗುರಿಯಿಟ್ಟು ಮಾತ್ರೆ ಪಡೆದವರಲ್ಲಿ ಮರಣವು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಹೃದಯ ವೈಫಲ್ಯವು ಅರ್ಧಕ್ಕಿಂತಲೂ ತಗ್ಗಿತು. ಆದರೆ ಅವರಲ್ಲಿ ಬಹುಪಾಲು ಮಂದಿ ವಯಸ್ಸಿಗೆ ತಕ್ಕಷ್ಟು ಗಟ್ಟಿಮುಟ್ಟಾಗಿದ್ದವರು. ಹಾಸಿಗೆ ಹಿಡಿದವರಿಗೂ, ತೀರ ಕೃಶರಾದವರಿಗೂ ಅದೇ ಅಂಕಿಯನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು.

ಎರಡನೆಯ ನಿಲುವಿನ ಅಪಾಯವೆಂದರೆ ಬೀಳುವಿಕೆ. ಮುಪ್ಪಿನಲ್ಲಿ ರಕ್ತನಾಳಗಳು ಪೆಡಸಾಗುತ್ತವೆ; ಎದ್ದು ನಿಂತಾಗ ಒತ್ತಡವನ್ನು ಸರಿದೂಗಿಸುವ ಶಕ್ತಿ ಕುಂದುತ್ತದೆ. ಆದ್ದರಿಂದ ಹಿರಿಯರ ಒತ್ತಡವನ್ನು ಕುಳಿತಾಗ ಮಾತ್ರವಲ್ಲ, ನಿಂತ ಮೂರು ನಿಮಿಷಗಳೊಳಗೂ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ, ತಲೆಸುತ್ತು ಬಂದರೆ, ವೈದ್ಯರಿಗೆ ತಿಳಿಸಬೇಕು. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು.

ಆಯುರ್ವೇದದ ಹೆಸರಿನಲ್ಲಿ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದನ್ನು ಆಯುರ್ವೇದ ವೈದ್ಯನಾಗಿಯೇ ವಿರೋಧಿಸುತ್ತೇನೆ. ನಮ್ಮ ಸರ್ಪಗಂಧ ಸಾಮಾನ್ಯ ಮೂಲಿಕೆಯಲ್ಲ. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಆಧುನಿಕ ವೈದ್ಯಕೀಯದಲ್ಲೂ ರಕ್ತದೊತ್ತಡದ ಔಷಧವಾಯಿತು. ಅಂಥ ಮೂಲಿಕೆಯನ್ನು ಮಾತ್ರೆಯೊಡನೆ ತಾವಾಗಿಯೇ ಸೇವಿಸಿದರೆ ಒತ್ತಡ ವಿಪರೀತ ಕುಸಿಯಬಹುದು, ಮನಸ್ಸಿಗೆ ಖಿನ್ನತೆ ಕವಿಯಬಹುದು. ಕೆಮ್ಮಿಗೆಂದು ದಿನವೂ ಸೇವಿಸುವ ಜ್ಯೇಷ್ಠಮಧುವಾದರೋ ಒತ್ತಡವನ್ನು ಏರಿಸುತ್ತದೆ; ಮಂಡಿನೋವಿನ ಹಲವು ಮಾತ್ರೆಗಳೂ ಹಾಗೆಯೇ. ಸೇವಿಸುವುದೆಲ್ಲವನ್ನೂ, ಚೂರ್ಣ ಕಷಾಯಗಳನ್ನೂ ಸೇರಿಸಿ, ವೈದ್ಯರ ಮುಂದಿಡಬೇಕು.

ಆಯುರ್ವೇದವು ವೃದ್ಧಾಪ್ಯವನ್ನು ವಾತಪ್ರಧಾನ ಕಾಲವೆನ್ನುತ್ತದೆ. ಈ ಕಾಲಕ್ಕೆ ಉಗ್ರ ಶೋಧನ, ದೀರ್ಘ ಲಂಘನ ಹಿತವಲ್ಲ; ಬಿಸಿಯಾದ ಮಿತಾಹಾರ, ಸಾಕಷ್ಟು ನಿದ್ರೆ, ನಿಧಾನ ನಡಿಗೆ ಹಿತ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಆದರೆ ಊಟವೇ ರುಚಿಸದೆ ಹಿರಿಯರು ಸೊರಗುವಷ್ಟು ಕಟ್ಟುನಿಟ್ಟು ಬೇಡ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲಿ; ವಾಂತಿಭೇದಿಯಾದರೆ ತಡಮಾಡದೆ ಕಾಣಲಿ. ಪೂಜೆ ಮುಗಿಸಿ ಏಳುವಾಗ ಆಸರೆ ಹಿಡಿದು, ಕ್ಷಣಕಾಲ ನಿಂತು, ಬಳಿಕ ಹೆಜ್ಜೆಯಿಡಲಿ.

ಅಂಕಿಯನ್ನು ಇಳಿಸುವುದು ಚಿಕಿತ್ಸೆಯ ಸಾಧನ ಮಾತ್ರ. ಹಿರಿಯರು ತಮ್ಮ ಕಾಲ ಮೇಲೆ ನಿಂತು, ತಮ್ಮ ಕೆಲಸ ತಾವೇ ಮಾಡಿಕೊಂಡು, ಅರಿವು ಮಾಸದೆ ಬಾಳುವುದೇ ಅದರ ಗುರಿ.